ಅದೇ ಗುಂಡಿಯಲ್ಲಿ ಮತ್ತೊಂದು ಸಸಿ

ಕಳೆದ ಎರಡು ತಿಂಗಳಲ್ಲಿ ಕ್ರೈಸ್ತರ ಒಂದು ಪಂಗಡವಾದ ಬ್ಯಾಪ್ಟಿಸ್ಟರ ನಾಲ್ವರು ಪಾಸ್ಟರುಗಳ ಜೊತೆ ಕುಳಿತು ಮಾತನಾಡಿದೆ. ಮಾತೆಲ್ಲ ಹೊಸ ಸಭೆಗಳನ್ನು, ಅಂದರೆ ಹೊಸ ಚರ್ಚುಗಳನ್ನು, ನೆಡುವುದರ ಬಗ್ಗೆ. ಮೂವರು ಚಹಾ ಬರುವ ಮೊದಲೇ ಲೆಕ್ಕ ಒಪ್ಪಿಸಿದರು: ಹನ್ನೆರಡು, ಇಪ್ಪತ್ತು, ನಲವತ್ತು. ನಾಲ್ಕನೆಯವರು ವಯಸ್ಸಾದವರು. ಎಷ್ಟು ಎಂದು ಕೇಳಿದ್ದಕ್ಕೆ ಬೀರುವಿನಿಂದ ಕೆಂಪು ರಟ್ಟಿನ ಪುಸ್ತಕವೊಂದನ್ನು ತೆಗೆದು ಮುಂದಿಟ್ಟರು. ವಾರವಾರದ ಕಾಣಿಕೆಯ ಲೆಕ್ಕ, ಕೆಳಗೆ ಇಬ್ಬರು ವಿಶ್ವಾಸಿಗಳ ಸಹಿ. ಪಾಸ್ಟರ ಸಹಿ ಎಲ್ಲಿಯೂ ಇಲ್ಲ. ಒಂದು ಪುಟದಲ್ಲಿ ‘ಶಾಮಿಯಾನ ಬಾಡಿಗೆ 1,850’ ಎಂಬುದರ ಪಕ್ಕ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ.

ಹೂ ಮಾರುವ ಅಜ್ಜಿಯೊಬ್ಬರು ಸಭಾಕೂಟದಲ್ಲಿ ಎದ್ದು ನಿಂತು, “ಅಯ್ಯನವರೇ, ಹೋದ ವರ್ಷ ಇದೇ ಶಾಮಿಯಾನಕ್ಕೆ ಸಾವಿರದ ಇನ್ನೂರು ಕೊಟ್ಟಿದ್ದೆವಲ್ಲ?” ಎಂದು ಕೇಳಿದ್ದರಂತೆ. “ಅವತ್ತು ಸಿಟ್ಟು ಬಂದಿತ್ತು. ರಾತ್ರಿ ಮಲಗಿದಾಗ ಹೊಳೆಯಿತು, ಇನ್ನು ನಾನಿಲ್ಲದಿದ್ದರೂ ಈ ಸಭೆ ನಡೆಯುತ್ತದೆ” ಎಂದರು ಆ ಹಿರಿಯ ಪಾಸ್ಟರು.

ಬ್ಯಾಪ್ಟಿಸ್ಟರಲ್ಲಿ ಬಿಷಪ್ ಇಲ್ಲ. ನಂಬಿ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದವರೇ ಸಭೆ; ಅದರ ತೀರ್ಮಾನವೂ ಅವರದೇ. ಅಜ್ಜಿ ಕೇಳಿದ್ದು ಅಧಿಕಪ್ರಸಂಗವಲ್ಲ, ಅವರ ಹಕ್ಕು.

ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದರು. 1817ರಲ್ಲಿ ಕನ್ನಡಕ್ಕೆ ವ್ಯಾಕರಣ ಅಚ್ಚು ಹಾಕಿಸಿದವರು ಇವರೇ. ಅವರ ಬಳಗಕ್ಕೆ ಮೊದಲ ಸ್ಥಳೀಯ ವಿಶ್ವಾಸಿಯಾಗಿ ಬಡಗಿ ಕೃಷ್ಣ ಪಾಲ್ ಸಿಕ್ಕಿ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರಿನಲ್ಲಿ. ಏಳು ವರ್ಷಕ್ಕೆ ಒಬ್ಬರು! ಇಂದು ಇಂಥ ವರದಿ ಕಳಿಸಿದವರಿಗೆ ಮರುತಿಂಗಳ ಹಣ ಬರುವುದು ಅನುಮಾನ. ಬಂಗಾಳದ ಶ್ರೀರಾಂಪುರದಲ್ಲಿ ನೆಲೆಸಿದ್ದ ಅದೇ ಬಳಗ 1805ರಲ್ಲಿ ಒಂದು ಒಪ್ಪಂದ ಬರೆದುಕೊಂಡಿತು. ಇಲ್ಲಿಯ ಸಭೆಗಳು ಪಾಸ್ಟರುಗಳನ್ನೂ ಸಭಾಸೇವಕರನ್ನೂ ತಮ್ಮ ನಾಡಿನವರಿಂದಲೇ ಆರಿಸಿಕೊಳ್ಳಬೇಕು ಎಂಬುದು ಅದರಲ್ಲಿದೆ. ವರ್ಷಕ್ಕೆ ಮೂರು ಬಾರಿ ಅದನ್ನು ಗಟ್ಟಿಯಾಗಿ ಓದಬೇಕೆಂದೂ ಗೊತ್ತುಮಾಡಿಕೊಂಡಿದ್ದರು. ಮನುಷ್ಯರು ಮರೆಯುತ್ತಾರೆಂದು ಅವರಿಗೆ ತಿಳಿದಿತ್ತು.

ಸಂಖ್ಯೆಯೇ ಆರೋಗ್ಯವಾಗಿದ್ದರೆ ನಾಗಾಲ್ಯಾಂಡಿಗೆ ಚಿಂತೆಯೇ ಇರಬಾರದಿತ್ತು. 1872ರಲ್ಲಿ ಮೊಲುಂಗ್‌ಕಿಮೊಂಗ್ ಎಂಬ ಹಳ್ಳಿಯಲ್ಲಿ ಮೊದಲ ಸಭೆ. 2011ರ ಜನಗಣತಿಯ ಹೊತ್ತಿಗೆ ಕ್ರೈಸ್ತರು ಶೇ. 88ರ ಹತ್ತಿರ, ಅವರಲ್ಲಿ ಬಹುಪಾಲು ಬ್ಯಾಪ್ಟಿಸ್ಟರು. ಆದರೂ ಚುನಾವಣೆಯಲ್ಲಿ ಮತ ಮಾರಿಕೊಳ್ಳಬೇಡಿ ಎಂದು ಅಲ್ಲಿಯ ಬ್ಯಾಪ್ಟಿಸ್ಟ್ ಮಂಡಳಿಯೇ ತನ್ನ ಜನರಿಗೆ ಹೇಳಬೇಕಾಗಿದೆ.

“ಬಿತ್ತದೆ ಬೆಳೆ ಎಲ್ಲಿಂದ ಬರುತ್ತದೆ?” ಎಂದು ನಲವತ್ತು ಸಭೆಗಳ ಪಾಸ್ಟರು ಕೇಳಿದರು. ಒಪ್ಪಿದೆ. ಆದರೆ ವನಮಹೋತ್ಸವದ ಸಸಿಗಳನ್ನು ನಾವೆಲ್ಲ ನೋಡಿದ್ದೇವೆ: ಪ್ರತಿ ವರ್ಷ ಅದೇ ಗುಂಡಿ, ಹೊಸ ಫೋಟೋ.

ನಾನೂ ಇಂಥ ಒಂದು ಗುಂಡಿಗೆ ಮಣ್ಣು ಹಾಕಿದವನೇ. ಹಳ್ಳಿಯೊಂದರಲ್ಲಿ ಶಾಖೆ ತೆರೆಯೋಣ ಎಂದಾಗ ಕೈ ಎತ್ತಿದ್ದೆ, ತಿಂಗಳು ತಿಂಗಳು ಕಾಣಿಕೆಯನ್ನೂ ಕೊಟ್ಟಿದ್ದೆ. ಮೂರನೆಯ ವರ್ಷ ನೋಡಲು ಹೋದರೆ ಬಾಡಿಗೆ ಮಳಿಗೆಗೆ ಬೀಗ. ನಗರದಿಂದ ಕಳಿಸಿದ್ದ ಪಾಸ್ಟರು ಬೇರೆ ಊರಿಗೆ ಹೋಗಿ ಐದು ತಿಂಗಳಾಗಿತ್ತು. ಅಲ್ಲಿಯವರು ಯಾರ ಕೈಯಲ್ಲೂ ಬೀಗದ ಕೈ ಇರಲಿಲ್ಲ, ಯಾರೂ ಯಾರಿಗೂ ಅದನ್ನು ಕೊಟ್ಟೇ ಇರಲಿಲ್ಲ. ಮಳಿಗೆಯ ಯಜಮಾನ ನನ್ನನ್ನು ನಿಲ್ಲಿಸಿಕೊಂಡು ಬಾಕಿ ಬಾಡಿಗೆ ಕೇಳಿದ.

ನಮ್ಮ ಆ ವರ್ಷದ ವರದಿಯಲ್ಲಿ ಆ ಸಭೆಯೂ ಎಣಿಕೆಗೆ ಸೇರಿತ್ತು.