ಮಲೇರಿಯಾ ಲಸಿಕೆ ಬಂದದ್ದು ಹೌದು, ಆದರೆ ನಮ್ಮ ಕರಾವಳಿಯ ಜ್ವರಕ್ಕಲ್ಲ

ಮಳೆಗಾಲ ಹಿಡಿಯಿತೆಂದರೆ "ಪುಣೆಯವರು ಮಲೇರಿಯಾಕ್ಕೆ ಲಸಿಕೆ ಮಾಡಿದ್ದಾರಂತೆ, ಕಾರವಾರದಲ್ಲಿ ಎಲ್ಲಿ ಸಿಗ್ತದೆ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಲಸಿಕೆ ಇರುವುದು ನಿಜ, ಅದೂ ಎರಡು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರ್‌ಟಿಎಸ್‌ಎಸ್ ಅನ್ನು, 2023ರಲ್ಲಿ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಅನ್ನು ಶಿಫಾರಸು ಮಾಡಿತು. ಐದು ತಿಂಗಳು ತುಂಬಿದ ಮಕ್ಕಳಿಗೆ ನಾಲ್ಕು ಡೋಸ್. ಆದರೆ ಎರಡೂ ಹಿಡಿಯುವುದು ಮಲೇರಿಯಾ ರೋಗಾಣುವಿನ ಫಾಲ್ಸಿಪಾರಂ ಎಂಬ ಜಾತಿಯನ್ನು. ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್; ಅದಕ್ಕೆ ಇವು ತಾಗುವುದಿಲ್ಲ.

ಲಸಿಕೆ ಶೇ. 75ರಷ್ಟು ಮಲೇರಿಯಾ ತಡೆಯುತ್ತದೆ ಎಂದು ಹೇಳುವ ಅಂಕಿಯನ್ನೂ ಸರಿಯಾಗಿ ಓದಬೇಕು. ಅದು ಮಲೇರಿಯಾ ಋತುವಿಗೆ ಸ್ವಲ್ಪ ಮೊದಲು ಆರ್21 ಹಾಕಿಸಿಕೊಂಡ ಮಕ್ಕಳ ಮೊದಲ ವರ್ಷದ ಲೆಕ್ಕ. ಲಸಿಕೆ ಇಲ್ಲದ ಗುಂಪಿನಲ್ಲಿ ನೂರು ಸಲ ಮಲೇರಿಯಾ ಬಂದರೆ, ಲಸಿಕೆಯಾದ ಅಷ್ಟೇ ದೊಡ್ಡ ಗುಂಪಿನಲ್ಲಿ ಇಪ್ಪತ್ತೈದು ಸಲ ಬಂತು ಎಂದರ್ಥ. ಆರ್‌ಟಿಎಸ್‌ಎಸ್ ನಾಲ್ಕು ಡೋಸ್ ಕೊಟ್ಟು ನಾಲ್ಕು ವರ್ಷ ನೋಡಿದಾಗ ಸಿಕ್ಕಿದ್ದು ಶೇ. 36. ಇವು ಬೇರೆ ಬೇರೆ ಲಸಿಕೆಗಳ ಲೆಕ್ಕ, ಆದರೂ ವರ್ಷ ಕಳೆದಂತೆ ರಕ್ಷಣೆ ಇಳಿಯಲು ಕಾರಣವಿದೆ. ಸೊಳ್ಳೆ ಕಚ್ಚಿದಾಗ ಒಳಹೋದ ರೋಗಾಣು ಅರ್ಧ ಗಂಟೆಯ ಆಸುಪಾಸಿನಲ್ಲಿ ಯಕೃತ್ತು ಸೇರುತ್ತದೆ. ಲಸಿಕೆಯಿಂದ ಹುಟ್ಟಿದ ಪ್ರತಿಕಾಯ ಅದನ್ನು ಮುಖ್ಯವಾಗಿ ಆ ಹೊತ್ತಿನೊಳಗೇ ತಡೆಯಬೇಕು. ಒಂದೇ ಒಂದು ತಪ್ಪಿಸಿಕೊಂಡರೂ ವಾರದೊಳಗೆ ಸಾವಿರಾರು ಮರಿಗಳಾಗಿ ರಕ್ತಕ್ಕೆ ಇಳಿಯುತ್ತವೆ, ಅವುಗಳ ಮೇಲೆ ಆ ಪ್ರತಿಕಾಯದ ಆಟ ನಡೆಯುವುದಿಲ್ಲ. ಹಾಗಾಗಿ ಪ್ರತಿಕಾಯ ಸದಾ ಮೇಲ್ಮಟ್ಟದಲ್ಲೇ ಇರಬೇಕು, ಆದರೆ ಕಾಲ ಕಳೆದಂತೆ ಅದು ಇಳಿಯುತ್ತದೆ. ಮಂಗನ ಕಾಯಿಲೆಯ ಹಳೆಯ ಲಸಿಕೆಯನ್ನು ಮತ್ತೆ ಮತ್ತೆ ಹಾಕಿಸಿಕೊಂಡ ಸಿದ್ದಾಪುರದವರಿಗೆ ಬೂಸ್ಟರ್ ಯಾಕೆಂದು ಹೇಳಿಕೊಡಬೇಕಿಲ್ಲ.

ಹಾಗಂತ ಶೇ. 36 ಎಂದರೆ ದಂಡ ಎನ್ನುವುದು ತಪ್ಪು. 2019ರಿಂದ ಘಾನಾ, ಕೀನ್ಯಾ, ಮಲಾವಿಯಲ್ಲಿ ಈ ಲಸಿಕೆ ಕೊಟ್ಟಲ್ಲಿ ಆ ವಯಸ್ಸಿನ ಮಕ್ಕಳ ಸಾವು ಶೇ. 13ರಷ್ಟು ಕಡಿಮೆಯಾಯಿತು. ಅಲ್ಲಿನ ತಾಯಂದಿರಿಗೆ ಅದು ಸಣ್ಣ ಮಾತಲ್ಲ.

ನಮ್ಮ ಕಡೆ ಎಡವಟ್ಟಾಗುವುದು ಮಾತ್ರೆಯಲ್ಲಿ. ವೈವಾಕ್ಸ್‌ಗೆ ಮೂರು ದಿನ ಕ್ಲೋರೋಕ್ವಿನ್, ಜೊತೆಗೆ 14 ದಿನ ಪ್ರಿಮಾಕ್ವಿನ್, ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ 15 ಮಿಲಿಗ್ರಾಂ. ಮೂರನೇ ದಿನಕ್ಕೆ ಜ್ವರ ಬಿಡುತ್ತದೆ, ಜನ ಬೋಟು ಹತ್ತುತ್ತಾರೆ, ಪ್ರಿಮಾಕ್ವಿನ್ ಪೊಟ್ಟಣ ಮನೆಯಲ್ಲೇ ಉಳಿಯುತ್ತದೆ. ಯಕೃತ್ತಿನಲ್ಲಿ ಮಲಗಿದ ವೈವಾಕ್ಸ್ ಅನ್ನು ಕೊಲ್ಲುವುದು ಆ ಎರಡನೇ ಮಾತ್ರೆ. ಬಿಟ್ಟರೆ ತಿಂಗಳುಗಳ ನಂತರ ಸೊಳ್ಳೆ ಕಚ್ಚದೆಯೂ ಮತ್ತೆ ಚಳಿಜ್ವರ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ಹಿಡಿಯುತ್ತದೆ, ಊಟದ ಮೇಲೆ ತೆಗೆದುಕೊಳ್ಳಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ: ರಕ್ತಕಣವನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಈ ಮಾತ್ರೆ ರಕ್ತಕಣ ಒಡೆಯುತ್ತದೆ. ಗರ್ಭಿಣಿಯರಿಗೆ, ವರ್ಷ ತುಂಬದ ಕೂಸಿಗೆ ಕೊಡುವಂತಿಲ್ಲ.

ತಾರಸಿಯ ಟ್ಯಾಂಕಿಗೆ ಬಿಗಿ ಮುಚ್ಚಳ, ಓವರ್‌ಫ್ಲೋ ಪೈಪಿನ ಬಾಯಿಗೆ ಜಾಲರಿ ಇರಲಿ. ಕಟ್ಟಡ ಕೆಲಸದ ತೊಟ್ಟಿ, ಡ್ರಮ್ಮುಗಳನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಉಜ್ಜಿ ಒಣಗಿಸಿ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು.

ಜ್ವರ ಬಂದರೆ ಮೊದಲ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಿ. ಹಿಂದೆ ಮಲೇರಿಯಾ ಆಗಿದ್ದರೆ, ಆಗ ಪ್ರಿಮಾಕ್ವಿನ್ ಎಷ್ಟು ದಿನ ತೆಗೆದುಕೊಂಡಿದ್ದಿರಿ ಎಂಬುದನ್ನು ಡಾಕ್ಟರರು ಕೇಳದಿದ್ದರೂ ಹೇಳಿ.