ಸೈನಿಕ ಹುಳುವಿಗೆ ಸರ್ಕಾರದ ಪುಕ್ಕಟೆ ಔಷಧಿ: ಆಫ್ರಿಕಾದ ರೈತರಿಗೆ ಬೇಕೋ, ಬೇಡವೋ?

2016ರ ಜನವರಿಯಲ್ಲಿ ನೈಜೀರಿಯಾ, ಬೆನಿನ್, ಟೋಗೊ ಕಡೆಯ ಮೆಕ್ಕೆಜೋಳದ ಸುಳಿಯಲ್ಲಿ ಅಲ್ಲಿನವರು ಎಂದೂ ನೋಡಿರದ ಹುಳು ಕಾಣಿಸಿಕೊಂಡಿತು. ತಲೆಯ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ. ಅಮೆರಿಕ ಖಂಡದಿಂದ ಬಂದ ಫಾಲ್ ಸೈನಿಕ ಹುಳು ಅದು. ಎರಡೇ ವರ್ಷದಲ್ಲಿ ಸಹಾರಾದ ದಕ್ಷಿಣಕ್ಕಿರುವ 40ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿತು. 2018ರಲ್ಲಿ ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು ನಮ್ಮ ಶಿವಮೊಗ್ಗದಲ್ಲಿ. ಹಾಗಾಗಿ ಇದರ ಕಾಟ ಎಂಥದ್ದೆಂದು ಕರ್ನಾಟಕದ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಜಾಂಬಿಯಾ, ಘಾನಾದಂಥ ದೇಶಗಳು ಕೀಟನಾಶಕ ಕೊಂಡು ರೈತರಿಗೆ ಪುಕ್ಕಟೆ ಹಂಚಿದವು. ಅದು ಸರಿಯೇ? ಎರಡೂ ವಾದಗಳನ್ನು ಅವುಗಳ ಪೂರ್ತಿ ಬಲದಲ್ಲಿ ಇಡಲು ಪ್ರಯತ್ನಿಸಿದ್ದೇನೆ. ನನ್ನ ಒಲವು ಎರಡನೆಯದರ ಕಡೆಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಪರ: ಹುಳು ಬರುವ ಹೊತ್ತಿಗೆ ಕೈಯಲ್ಲಿ ಕಾಸಿರುವುದಿಲ್ಲ

ಮಲಾವಿಯ ಲೆಕ್ಕ ನೋಡಿ. ಅಲ್ಲಿ ಮಳೆಗಾಲ ಒಂದೇ, ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಕೊಯ್ಲು ಏಪ್ರಿಲ್-ಮೇ ತಿಂಗಳಲ್ಲಿ. ಬಡವರ ಮನೆಯಲ್ಲಿ ಆ ಮೆಕ್ಕೆಜೋಳ ವರ್ಷದ ಕೊನೆಯ ಹೊತ್ತಿಗೆ ತಳ ಕಾಣುತ್ತದೆ. ಜನವರಿ, ಫೆಬ್ರವರಿ ಹಸಿವಿನ ತಿಂಗಳು. ಇದ್ದಬದ್ದ ದುಡ್ಡೆಲ್ಲ ಬೀಜ, ಗೊಬ್ಬರಕ್ಕೆ ಹೋಗಿರುತ್ತದೆ. ಸರಿಯಾಗಿ ಆಗಲೇ, ಪೈರು ಮೊಣಕಾಲುದ್ದ ಇರುವಾಗ, ಹುಳು ಸುಳಿಗೆ ಇಳಿಯುತ್ತದೆ. ‘ಔಷಧಿ ಅಂಗಡಿಯಲ್ಲಿ ಸಿಗುತ್ತೆ, ಕೊಂಡುಕೊಳ್ಳಲಿ’ ಅನ್ನುವವರು ಈ ಕ್ಯಾಲೆಂಡರನ್ನು ಒಮ್ಮೆ ನೋಡಬೇಕು.

ನಮ್ಮ ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳ ಹೆಚ್ಚಾಗಿ ಕೋಳಿ ಆಹಾರಕ್ಕೆ ಹೋಗುತ್ತದೆ. ಬೆಳೆ ಹೋದರೆ ಆದಾಯ ಹೋಯಿತು, ಅದು ಸಣ್ಣ ನಷ್ಟವಲ್ಲ. ಮಲಾವಿಯಲ್ಲಿ ಬೆಳೆ ಹೋದರೆ ತಟ್ಟೆಯೇ ಖಾಲಿ. ನಮ್ಮ ರಾಗಿಮುದ್ದೆಯ ಹಾಗೆ ಅಲ್ಲಿ ಎನ್ಸಿಮಾ, ಕೀನ್ಯಾದಲ್ಲಿ ಉಗಾಲಿ, ಜಿಂಬಾಬ್ವೆಯಲ್ಲಿ ಸಾಡ್ಜಾ. ಎಲ್ಲವೂ ಮೆಕ್ಕೆಜೋಳದ ಹಿಟ್ಟಿನವೇ. 2015-16ರ ಎಲ್ ನಿನೊ ಬರದಿಂದ ಆಫ್ರಿಕಾದ ದಕ್ಷಿಣ ಭಾಗ ಆಗಿನ್ನೂ ಚೇತರಿಸಿಕೊಳ್ಳುತ್ತಿತ್ತು, ಅಷ್ಟರಲ್ಲಿ ಈ ಹುಳು ಬಂತು. 2017ರ ಡಿಸೆಂಬರ್‌ನಲ್ಲಿ ಮಲಾವಿಯ ಅಧ್ಯಕ್ಷರು 28ರಲ್ಲಿ 20 ಜಿಲ್ಲೆಗಳನ್ನು ವಿಪತ್ತಿಗೆ ಸಿಕ್ಕ ಜಿಲ್ಲೆಗಳೆಂದು ಘೋಷಿಸಬೇಕಾಯಿತು. ಅಂಥ ಹೊತ್ತಿನಲ್ಲಿ ಸರ್ಕಾರ ಕೈಕಟ್ಟಿ ಕೂರಬೇಕಿತ್ತೇ?

ಇನ್ನೊಂದು ಮಾತು. ಈ ಹುಳು ಬೆಳೆದು ಆಗುವ ಪತಂಗಕ್ಕೆ ಬೇಲಿ ಗೊತ್ತಿಲ್ಲ. ಒಂದು ಹೆಣ್ಣು ತನ್ನ ಆಯಸ್ಸಿನಲ್ಲಿ 1500ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಗಾಳಿ ಅನುಕೂಲವಾಗಿದ್ದರೆ ಒಂದೇ ರಾತ್ರಿಯಲ್ಲಿ 100 ಕಿಲೋಮೀಟರ್ ಹಾರಬಲ್ಲದು. ನಾನು ಔಷಧಿ ಹೊಡೆದು ಪಕ್ಕದವರು ಬಿಟ್ಟರೆ ನನ್ನ ಖರ್ಚು ನೀರಿಗೆ ಹಾಕಿದಂತೆ. 2020ರಲ್ಲಿ ಕೀನ್ಯಾಕ್ಕೆ 70 ವರ್ಷಗಳಲ್ಲೇ ಕಂಡಿರದಂಥ ಮರುಭೂಮಿ ಮಿಡತೆ ದಾಳಿ ಬಂದಾಗ ವಿಮಾನದಿಂದ ಔಷಧಿ ಸಿಂಪಡಿಸಿದರು. ಯಾರೂ ರೈತರ ಹತ್ತಿರ ಬಿಲ್ ಕೇಳಲಿಲ್ಲ. ಆಫ್ರಿಕಾದ್ದೇ ಆದ ಇನ್ನೊಂದು ಸೈನಿಕ ಹುಳು ಇದೆ. ಪೂರ್ವ ಆಫ್ರಿಕಾದಲ್ಲಿ ಅದನ್ನು ಹಿಡಿತದಲ್ಲಿಡುವುದು ದಶಕಗಳಿಂದ ಸರ್ಕಾರದ್ದೇ ಕೆಲಸ. ಹೊಸ ಹುಳುವಿಗೆ ಮಾತ್ರ ಬೇರೆ ನ್ಯಾಯ ಯಾಕೆ?

ಸರ್ಕಾರ ಕೊಡದಿದ್ದರೆ ರೈತರು ಔಷಧಿ ಹೊಡೆಯುವುದನ್ನು ಬಿಡುತ್ತಾರೆಯೇ? ಇಲ್ಲ. ಸಂತೆಯಲ್ಲಿ ಲೇಬಲ್ ಇಲ್ಲದ ಬಾಟಲಿಯಲ್ಲಿ ಅಗ್ಗಕ್ಕೆ ಸಿಗುವ, ಹೆಚ್ಚು ವಿಷದ ಹಳೆಯ ಔಷಧಿ ತಂದು ಹೊಡೆಯುತ್ತಾರೆ. ಎಮಾಮೆಕ್ಟಿನ್ ಬೆಂಜೊಯೇಟ್, ಕ್ಲೋರಾಂಟ್ರಾನಿಲಿಪ್ರೋಲ್‌ನಂಥವು ಈ ಹುಳುವಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತವೆ, ಪ್ರಮಾಣವೂ ಕಡಿಮೆ ಸಾಕು, ಆದರೆ ಬೆಲೆ ಜಾಸ್ತಿ. ಸರ್ಕಾರ ಸಗಟಾಗಿ ಕೊಂಡರೆ ಒಳ್ಳೆಯ ಔಷಧಿ ಬಡವರ ಹೊಲಕ್ಕೂ ಮುಟ್ಟುತ್ತದೆ.

2016-17ರಲ್ಲಿ ಜಾಂಬಿಯಾ ವಾಯುಪಡೆಯ ನೆರವಿನಿಂದ ಔಷಧಿ ಸಾಗಿಸಿತು. ಹುಳು ಬಂದ ಅದೇ ಹಂಗಾಮಿನಲ್ಲಿ ಆ ದೇಶ ಸುಮಾರು 36 ಲಕ್ಷ ಟನ್ ಮೆಕ್ಕೆಜೋಳ ಬೆಳೆಯಿತು. ಮಳೆ ಚೆನ್ನಾಗಿತ್ತು, ನಿಜ. ಆದರೂ ಮೊದಲ ವರ್ಷವೇ ರೈತರು ಹೊಲ ಬಿಟ್ಟು ಓಡದಂತೆ ಧೈರ್ಯ ಕೊಟ್ಟದ್ದು ಸಣ್ಣ ಕೆಲಸವಲ್ಲ. ಹುಲ್ಲು ನೆಡಿ, ಮಿಶ್ರಬೆಳೆ ಮಾಡಿ ಎಂಬ ಸಲಹೆಗಳೂ ಒಳ್ಳೆಯವೇ. ಅವು ಬೇರೂರಲು ಒಂದೆರಡು ಹಂಗಾಮು ಬೇಕು. ಈ ವಾರ ಸುಳಿ ತಿನ್ನುತ್ತಿರುವ ಹುಳು ಅಲ್ಲಿಯವರೆಗೆ ಕಾಯುವುದಿಲ್ಲ.

ವಿರೋಧ: ಖರ್ಚು ಮಾಡಿ, ಆದರೆ ಬಾಟಲಿಗಲ್ಲ

ಮೊದಲು ನಷ್ಟ ಎಷ್ಟು ಎಂದು ಕೇಳೋಣ. 2017ರಲ್ಲಿ ಘಾನಾ, ಜಾಂಬಿಯಾದ ರೈತರನ್ನು ವಿಚಾರಿಸಿದಾಗ ಸರಾಸರಿ ಕ್ರಮವಾಗಿ 45, 40 ಶೇಕಡಾ ಬೆಳೆ ಹೋಯಿತು ಅಂದರು. ಇದರ ಮೇಲೆ ಲೆಕ್ಕ ಹಾಕಿ 12 ದೇಶಗಳಲ್ಲಿ ವರ್ಷಕ್ಕೆ 83 ಲಕ್ಷದಿಂದ 2 ಕೋಟಿ 6 ಲಕ್ಷ ಟನ್ ಮೆಕ್ಕೆಜೋಳ ಹೋಗಬಹುದು ಎಂಬ ಅಂದಾಜು ಬಂತು. ಜಗತ್ತೇ ಬೆಚ್ಚಿತು. ಆಮೇಲೆ ಪೂರ್ವ ಜಿಂಬಾಬ್ವೆಯಲ್ಲಿ ವಿಜ್ಞಾನಿಗಳು ಹೊಲಕ್ಕೇ ಇಳಿದು ಅಳೆದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಿಕ್ಕ ಇಳುವರಿ ನಷ್ಟ ಸುಮಾರು 12 ಶೇಕಡಾ. ಕೀನ್ಯಾದಲ್ಲಿ ರೈತರನ್ನು ಕೇಳಿ ಮಾಡಿದ ಸಮೀಕ್ಷೆಯಲ್ಲಿ ಮೂರನೇ ಒಂದು ಭಾಗ ಎಂದು ಬಂದದ್ದೂ ಇದೆ, ಅದನ್ನು ಬಿಟ್ಟು ಮಾತಾಡುವುದು ಸರಿಯಲ್ಲ. ಆದರೆ ಒಂದು ವಿಷಯ ಗಮನಿಸಿ. ಜೋಳದ ಎಲೆ ಜರಡಿಯಾದರೂ ಗಿಡ ಬಹಳ ಸಲ ಚೇತರಿಸಿಕೊಂಡು ತೆನೆ ಕಟ್ಟುತ್ತದೆ. ನೋಡುವವರಿಗೆ ಹೊಲವೇ ಹೋದ ಹಾಗೆ ಕಾಣುತ್ತದೆ. ಆ ಭಯದಲ್ಲಿ ಸರ್ಕಾರಗಳು ಚೆಕ್ ಬರೆದವು.

ಎರಡನೆಯದು ಹೊತ್ತು. ಹುಳು ಚಿಕ್ಕದಿರುವಾಗ ಮಾತ್ರ ಔಷಧಿ ಚೆನ್ನಾಗಿ ತಾಗುತ್ತದೆ. ದೊಡ್ಡದಾದ ಮೇಲೆ ಅದು ಸುಳಿಯೊಳಗೆ ಕೂತು ತನ್ನ ಲದ್ದಿಯಿಂದಲೇ ಸುಳಿಯ ಬಾಯಿ ಮುಚ್ಚಿಕೊಳ್ಳುತ್ತದೆ. ಮೇಲಿಂದ ಎಷ್ಟು ಹೊಡೆದರೂ ಒಳಗೆ ಇಳಿಯುವುದಿಲ್ಲ. ಟೆಂಡರ್ ಆಗಿ, ಲಾರಿ ಹೊರಟು, ಜಿಲ್ಲೆಗೆ ಬಂದು, ಅಲ್ಲಿಂದ ಹಳ್ಳಿಗೆ ತಲುಪುವ ಔಷಧಿಗೆ ಆ ಕೆಲವು ದಿನ ಎಲ್ಲಿ ಸಿಗಬೇಕು?

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೊಡೆಯುವವರ ಮೈ. ಬಾಟಲಿ ಪುಕ್ಕಟೆ ಬಂತು ಸರಿ. ಕೈಗವಸು, ಮಾಸ್ಕ್, ಬೂಟು ಜೊತೆಗೆ ಬಂತೇ? ಪಂಪು ಇಲ್ಲದವರು ಸೊಪ್ಪಿನ ಕಟ್ಟಿನಿಂದ ಚಿಮುಕಿಸುತ್ತಾರೆ. ಅಲ್ಲಿನ ಹೊಲ ಬರೀ ಜೋಳದ ಹೊಲವೂ ಅಲ್ಲ. ಅಕ್ಕಡಿಯಲ್ಲಿ ಹುರುಳಿಕಾಯಿ, ಕುಂಬಳ ಇರುತ್ತದೆ. ಮಲಾವಿ, ಜಾಂಬಿಯಾದಲ್ಲಿ ಕುಂಬಳದ ಎಲೆ ದಿನನಿತ್ಯದ ಸೊಪ್ಪು. ಬೆಳಗ್ಗೆ ಜೋಳಕ್ಕೆ ಹೊಡೆದದ್ದು ಸಂಜೆ ಪಲ್ಯದಲ್ಲಿ ತಟ್ಟೆಗೆ ಬರುತ್ತದೆ. ಎಷ್ಟು ದಿನ ಕಾಯಬೇಕು ಎಂದು ಬಾಟಲಿಯ ಮೇಲೆ ಬರೆದಿರುತ್ತದೆ, ಓದಲು ಬಾರದ ಭಾಷೆಯಲ್ಲಿ, ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ.

ಇನ್ನು, ಹೊಲದಲ್ಲಿ ಆಗಲೇ ಕೆಲಸಕ್ಕೆ ಇಳಿದಿರುವ ಹುಳುವಿನ ಶತ್ರು ಕೀಟಗಳನ್ನು ಈ ಔಷಧಿ ಸಾಯಿಸುತ್ತದೆ. ಪೂರ್ವ ಆಫ್ರಿಕಾದಲ್ಲಿ ಕೊಟೇಸಿಯಾ ಇಸಿಪೆ ಎಂಬ ಪುಟ್ಟ ಕಣಜ ಈ ಹುಳುವಿನ ಮರಿಯೊಳಗೆ ಮೊಟ್ಟೆ ಇಡುವುದನ್ನು ಕಂಡಿದ್ದಾರೆ. ಮೊಟ್ಟೆಯನ್ನೇ ಹಾಳು ಮಾಡುವ ಟೆಲಿನೋಮಸ್ ರೀಮಸ್ ಎಂಬ ಕಣಜವೂ ಬೆನಿನ್, ನೈಜರ್, ಕೀನ್ಯಾ, ದಕ್ಷಿಣ ಆಫ್ರಿಕಾಗಳಲ್ಲಿ ಇದೆ ಎಂದು 2019ರಲ್ಲಿ ಗೊತ್ತಾಯಿತು. ಯಾರೂ ತಂದು ಬಿಡದೆ ತಾನೇ ಬಂದು ನೆಲೆಸಿತ್ತು. ಸಿಕ್ಕಸಿಕ್ಕಲ್ಲಿ ಸೈಪರ್‌ಮೆಥ್ರಿನ್‌ನಂಥ ಕೀಟನಾಶಕ ಹೊಡೆದರೆ ಮೊದಲು ಹೋಗುವುದು ಇವು. ಹುಳು ಉಳಿಯುತ್ತದೆ, ಕಾಲ ಕಳೆದಂತೆ ಔಷಧಿಗೆ ಒಗ್ಗಿಕೊಳ್ಳುತ್ತದೆ. ಮಿಡತೆ ಬಂದು ಹೋಗುವ ಪೀಡೆ, ಅದಕ್ಕೆ ತುರ್ತು ಸಿಂಪಡಣೆ ಸರಿ. ಸೈನಿಕ ಹುಳು ಆಫ್ರಿಕಾದ ಬಿಸಿಲಲ್ಲಿ ವರ್ಷವಿಡೀ ಬದುಕುತ್ತದೆ. ಅದು ಹೋಗುವುದಿಲ್ಲ. ಹಾಗಾದರೆ ಪುಕ್ಕಟೆ ಬಾಟಲಿಯನ್ನು ಎಷ್ಟು ವರ್ಷ ಕೊಡುತ್ತೀರಿ?

ಸರ್ಕಾರ ದುಡ್ಡು ಬಿಚ್ಚಬಾರದು ಎಂದು ನಾನು ಹೇಳುತ್ತಿಲ್ಲ. ಆಫ್ರಿಕಾದಲ್ಲಿ ಸಾರ್ವಜನಿಕ ದುಡ್ಡು ಮಾಡಿದ ಅತಿ ಒಳ್ಳೆಯ ಕೆಲಸಗಳಲ್ಲಿ ಒಂದು ಇದೇ ಕ್ಷೇತ್ರದ್ದು. 1970ರ ದಶಕದ ಆರಂಭದಲ್ಲಿ ದಕ್ಷಿಣ ಅಮೆರಿಕದ ಹಿಟ್ಟು ತಿಗಣೆ ಕಾಂಗೊ ಕಡೆಗೆ ಬಂದು ಮರಗೆಣಸನ್ನು ಮುತ್ತಿತು. ಸುಮಾರು 20 ಕೋಟಿ ಜನರ ಊಟದ ಗೆಡ್ಡೆ ಅದು, ಅದರ ಎಲೆಯನ್ನೂ ಬೇಯಿಸಿ ತಿನ್ನುತ್ತಾರೆ. ಅದಕ್ಕೆ ವಿಷ ಹೊಡೆಯುವುದು ಹೇಗೆ? ನೈಜೀರಿಯಾದ ಇಬಾಡಾನ್‌ನಲ್ಲಿರುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯಲ್ಲಿ ಹಾನ್ಸ್ ಹೆರೆನ್ ಮತ್ತು ಜೊತೆಗಾರರು ತಿಗಣೆಯ ತವರಲ್ಲೇ ಅದರ ಶತ್ರುವನ್ನು ಹುಡುಕಿಸಿದರು. 1981ರಲ್ಲಿ ಪರಾಗ್ವೆಯಲ್ಲಿ ಅನಗೈರಸ್ ಲೋಪೆಜಿ ಎಂಬ ಕಣಜ ಸಿಕ್ಕಿತು. ಇಂಗ್ಲೆಂಡಿನಲ್ಲಿ ಪ್ರತ್ಯೇಕವಾಗಿಟ್ಟು ಪರೀಕ್ಷಿಸಿ ಅದೇ ವರ್ಷ ನೈಜೀರಿಯಾದಲ್ಲಿ ಬಿಟ್ಟರು. ಮುಂದೆ ವಿಮಾನದಿಂದಲೂ ಬಿಟ್ಟರು. ಬಹುಪಾಲು ದೇಶಗಳಲ್ಲಿ ತಿಗಣೆ ಹಿಡಿತಕ್ಕೆ ಬಂತು. 1995ರಲ್ಲಿ ಹೆರೆನ್ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಸಿಕ್ಕಿತು. ರೈತರಿಗೆ ಅದೂ ಪುಕ್ಕಟೆಯೇ, ಅಲ್ವಾ? ವರ್ಷವರ್ಷ ಸಾಲಿನಲ್ಲಿ ನಿಲ್ಲಬೇಕಾಗಲಿಲ್ಲ, ಅಷ್ಟೇ. 2020ರಲ್ಲಿ ಅದೇ ತಿಗಣೆ ಕೇರಳಕ್ಕೆ ಬಂದಾಗ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಅದೇ ಕಣಜವನ್ನು ಬೆನಿನ್‌ನಿಂದ ತರಿಸಿಕೊಂಡಿತು. ಆಫ್ರಿಕಾ ನಮಗೆ ಕೊಟ್ಟ ನೆರವು ಅದು.

ಸೈನಿಕ ಹುಳುವಿಗೆ ಇಂಥ ಒಂದೇ ಬಾಣ ಇನ್ನೂ ಸಿಕ್ಕಿಲ್ಲ, ಒಪ್ಪುತ್ತೇನೆ. ಸಣ್ಣಸಣ್ಣವು ಹಲವಿವೆ. ನೈರೋಬಿಯ ಇಸಿಪೆ ಎಂಬ ಕೀಟ ಸಂಶೋಧನಾ ಸಂಸ್ಥೆ ಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ಮೇವಿನ ಗಿಡ, ಹೊಲದ ಸುತ್ತ ಬ್ರಾಕಿಯಾರಿಯಾ ಹುಲ್ಲು ಬೆಳೆಸುವ ಪದ್ಧತಿ ಕಲಿಸುತ್ತದೆ. ಕೀನ್ಯಾ, ಉಗಾಂಡಾ, ಟಾಂಜಾನಿಯಾದ ಹೊಲಗಳಲ್ಲಿ ಮಾಡಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬರೀ ಜೋಳದ ಹೊಲಕ್ಕಿಂತ ಗಿಡವೊಂದಕ್ಕೆ ಹುಳು 80 ಶೇಕಡಾಕ್ಕೂ ಹೆಚ್ಚು ಕಡಿಮೆಯಿತ್ತು, ಇಳುವರಿ 2.7 ಪಟ್ಟು ಇತ್ತು. ಜೊತೆಗೆ ದನಕ್ಕೆ ಮೇವು. ಜಿಂಬಾಬ್ವೆಯ ಅಧ್ಯಯನದಲ್ಲಿ ಪದೇ ಪದೇ ಕಳೆ ತೆಗೆದ ಹೊಲದಲ್ಲಿ ಹಾನಿ ಕಡಿಮೆಯಿತ್ತು. ಒಂದು ಮೊಟ್ಟೆಯ ಗುಂಪಿನಲ್ಲಿ 100-200 ಮೊಟ್ಟೆ ಇರುತ್ತವೆ. ಒಂದೆರಡು ಎಕರೆಯ ಹೊಲದಲ್ಲಿ ವಾರಕ್ಕೆರಡು ಸಲ ಓಡಾಡಿ ಅದನ್ನು ಬೆರಳಲ್ಲೇ ಹೊಸಕಬಹುದು. ಸುಳಿಗೆ ಮರಳು, ಬೂದಿ ಹಾಕುವವರಿದ್ದಾರೆ. ಇರುವೆ ಬರಲೆಂದು ಮೀನಿನ ಸಾರು ಚಿಮುಕಿಸುವವರೂ ಇದ್ದಾರೆ. ಇದನ್ನೆಲ್ಲ ಹೇಳಿಕೊಡಲು ಹಳ್ಳಿಗೆ ಬರುವ ಕೃಷಿ ಸಲಹೆಗಾರರು ಬೇಕು. ಡೆಸ್ಮೋಡಿಯಂ ಬೀಜ ಬೇಕು, ಅದು ಅಗ್ಗವಲ್ಲ. ಸಹಾಯಧನ ಹೋಗಬೇಕಾದದ್ದು ಅಲ್ಲಿಗೆ.

ಹಸಿವಿನ ತಿಂಗಳ ಮಾತು ಪರವಾದಿಗಳ ಅತಿ ಗಟ್ಟಿ ಮಾತು. ಅದಕ್ಕೆ ನನ್ನ ಉತ್ತರ: ಜನವರಿಯಲ್ಲಿ ಕೈಗೆ ನಗದು ಕೊಡಿ, ಇಲ್ಲವೇ ಜೋಳವನ್ನೇ ಕೊಡಿ. ಹುಳು ನಿಜಕ್ಕೂ ಮಿತಿ ಮೀರಿದಾಗ ಔಷಧಿ ಬೇಕೇ ಬೇಕು, ಇಲ್ಲ ಅನ್ನುವುದಿಲ್ಲ. ಎಳೆಯ ಪೈರಿನಲ್ಲಿ 100ಕ್ಕೆ ಸುಮಾರು 20 ಗಿಡಗಳಿಗೆ ಹೊಸದಾಗಿ ಹುಳು ತಾಗಿದ್ದರೆ ಹೊಡೆಯಿರಿ ಎಂಬ ಲೆಕ್ಕವನ್ನು ಆಫ್ರಿಕಾಕ್ಕೆಂದೇ ಮಾಡಿದ ಕೈಪಿಡಿ ಕೊಟ್ಟಿದೆ. ಊರಿಗೊಬ್ಬರು ಹೊಲದಲ್ಲಿ ಎಣಿಸಲಿ. ಮಿತಿ ಮೀರಿದ ಊರಿಗೆ ಮಾತ್ರ, ಹೊಡೆಯುವುದು ಗೊತ್ತಿರುವ, ಕೈಗವಸು ಹಾಕಿದ ತಂಡದ ಕೈಯಲ್ಲಿ ಔಷಧಿ ಬರಲಿ.