ಮೊದಲ ದುಡ್ಡು ಎಂಜಿನ್‌ಗಲ್ಲ, ಬ್ರೇಕಿಗೆ

ಕಡಿಮೆ ಖರ್ಚಿನಲ್ಲಿ ಕಾರ್ ರೇಸಿಂಗ್ ಶುರುಮಾಡೋರು ಹಳೇ ಮಾರುತಿ ಎಸ್ಟೀಮ್ ಕಾರು ಕೊಂಡು, ಮೊದಲು ಅದರ ಎಂಜಿನ್ ಟ್ಯೂನ್ ಮಾಡಿಸಿ ಶಕ್ತಿ ಹೆಚ್ಚಿಸಿ ಅಂತ ಒಂದು ಲೇಖನದಲ್ಲಿ ಓದಿದೆ. ಕಾರಿನ ಆಯ್ಕೆ ಸರಿ: 1298 ಸಿಸಿ ಎಂಜಿನ್, ಹಗುರ ಬಾಡಿ. ಆದರೆ ಮೊದಲ ವರ್ಷ ದಯವಿಟ್ಟು ಎಂಜಿನ್ ಮುಟ್ಟಬೇಡಿ.

ಕೊಯಮತ್ತೂರಿನ ‘ಕರಿ ಮೋಟಾರ್ ಸ್ಪೀಡ್‌ವೇ’ಯಂಥ ರೇಸ್ ಟ್ರ್ಯಾಕಿನಲ್ಲಿ ಮತ್ತೆ ಮತ್ತೆ ಜೋರಾಗಿ ಒತ್ತಿ ಬಿಸಿಯಾಗಿ ಮೊದಲು ಕೈಕೊಡೋದು ಬ್ರೇಕು. ಪೆಡಲ್ ಒತ್ತಿದ ಬಲವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ದ್ರವ, ಅಂದರೆ ಬ್ರೇಕ್ ಫ್ಲೂಯಿಡ್, ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಫ್ಲೂಯಿಡ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಕುಡಿದದ್ದು 155ರ ಸುಮಾರಿಗೇ ಕುದಿಯಬಹುದು. ಒಳಗೆ ಆವಿಗುಳ್ಳೆ ಎದ್ದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಹಳೇದನ್ನೆಲ್ಲ ತೆಗೆದು ಹೊಸದು ತುಂಬಿ, ಪೈಪಿನಲ್ಲಿ ಗುಳ್ಳೆ ಬರೋದು ನಿಲ್ಲೋವರೆಗೂ ಬ್ಲೀಡ್ ಮಾಡಿ, ಅಂದರೆ ಒಳಗಿನ ಗಾಳಿ ಹೊರಹಾಕಿ; ಮಧ್ಯೆ ಫ್ಲೂಯಿಡ್ ಡಬ್ಬಿ ಖಾಲಿಯಾಗಲು ಬಿಟ್ಟರೆ ಗಾಳಿ ಹೊಕ್ಕು ಮತ್ತೆ ಮೊದಲಿಂದ ಮಾಡಬೇಕು. ಬಿರುಕು ಬಿಟ್ಟ ಬ್ರೇಕ್‌ನ ರಬ್ಬರ್ ಹೋಸ್ (ಕೊಳವೆ) ಕೂಡ ಬದಲಿಸಿ.

ಎಂಜಿನ್ ಆಯಿಲ್ ಮಟ್ಟ, ಅದನ್ನು ಅಳೆಯುವ ಕಡ್ಡಿಯ (ಡಿಪ್‌ಸ್ಟಿಕ್) ಮೇಲಿನ ಗೆರೆಗೇ ಇರಲಿ. ಕಡಿಮೆಯಿದ್ದರೆ ಉದ್ದ ತಿರುವಿನಲ್ಲಿ ಒಂದು ಬದಿಗೆ ಸರಿದು, ಪಂಪ್ ಆಯಿಲ್ ಬದಲು ಗಾಳಿ ಎಳೆದು ಎಂಜಿನ್ ಬೇರಿಂಗ್ ಕೆಟ್ಟುಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಮಾತ್ರ ಬೇಡವೇ ಬೇಡ. ಒಮ್ಮೆ ಪೆಟ್ಟು ತಿಂದು ಒಳಗಿನ ಫೋಮ್ ಅಮುಕಿಹೋಗಿದ್ದರೆ ಹೊರಗಿಂದ ಗೊತ್ತಾಗದು.

ಟ್ರ್ಯಾಕ್ ರೇಸಿಗಿಂತ ಇನ್ನೂ ಅಗ್ಗದ ದಾರಿ ಆಟೋಕ್ರಾಸ್ ಎಂಬ ಸ್ಪರ್ಧೆ. ಸಾಮಾನ್ಯವಾಗಿ ಒಂದೊಂದೇ ಕಾರು ಓಡಿ, ಯಾರ ಸಮಯ ಕಡಿಮೆ ಅಂತ ನೋಡುವುದರಿಂದ ಬೇರೆ ಕಾರಿಗೆ ಡಿಕ್ಕಿಯಾಗುವ ಖರ್ಚು ಉಳಿಯುತ್ತದೆ. ಸ್ಪರ್ಧೆಯ ಲೈಸೆನ್ಸ್, ರೋಲ್ ಕೇಜ್ (ಕಾರು ಪಲ್ಟಿಯಾದರೆ ಒಳಗಿದ್ದವರನ್ನು ಕಾಪಾಡುವ ಲೋಹದ ಚೌಕಟ್ಟು) ನಿಯಮಗಳನ್ನು ಆಯಾ ಸ್ಪರ್ಧೆಯ ನಿಯಮಾವಳಿಯಲ್ಲಿ ಓದಿಯೇ ಕಾರಿಗೆ ಕೈಹಾಕಿ.